ದೊರೆ ದೇವರನ್ನ ಒಪ್ಪಿದ, ಮದುವೆ ಒಪ್ಪಲಿಲ್ಲ

ಯೂಟ್ಯೂಬ್‌ನಲ್ಲಿ ಇತಿಹಾಸದ ವಿಡಿಯೋ ನೋಡೋ ಚಟ ಇರುವವರಿಗೆ ಈ ಮಾತು ಪರಿಚಯ ಇರುತ್ತೆ: ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಒಬ್ಬ ಇರದೇ ಹೋಗಿದ್ದರೆ ಇವತ್ತು ಕ್ರೈಸ್ತ ಧರ್ಮವೇ ಇರ್ತಿರಲಿಲ್ಲ. ಕ್ರಿ.ಶ. 312ರಲ್ಲಿ ಮಿಲ್ವಿಯನ್ ಸೇತುವೆ ಹತ್ತಿರ ಯುದ್ಧ, ಆಕಾಶದಲ್ಲಿ ಶಿಲುಬೆ ಕಂಡಿತು ಅನ್ನೋ ಕಥೆ, ಗೆಲುವು, ಮರುವರ್ಷ ಮಿಲಾನ್ ಆದೇಶ. ಹತ್ತು ನಿಮಿಷದಲ್ಲಿ ಒಂದು ಧರ್ಮ ರೆಡಿ.

ವಿಜಯಪುರ ಜಿಲ್ಲೆಯವರಾದರೆ ಇದೇ ಮಾತಿನ ನಮ್ಮೂರ ಆವೃತ್ತಿಯನ್ನೂ ಕೇಳಿರ್ತೀರಿ. ಬಿಜ್ಜಳ ರಾಜ ಭಂಡಾರದ ಕೀಲಿ ಕೊಟ್ಟಿದ್ದಕ್ಕೇ ಬಸವಣ್ಣ ಅಷ್ಟು ದೊಡ್ಡವನಾದ ಅಂತ ಒಬ್ಬರು. ಬಿಜ್ಜಳ ಕೆಟ್ಟವನಾಗಿದ್ದಕ್ಕೇ ಕಲ್ಯಾಣ ಕೆಟ್ಟಿತು ಅಂತ ಇನ್ನೊಬ್ಬರು. ಇಬ್ಬರೂ ಜಗಳ ಆಡ್ತಾರೆ, ಆದರೆ ಗಮನಿಸಿ, ಇಬ್ಬರೂ ಪೂರ್ತಿ ಮಾರ್ಕ್ಸ್ ಕೊಡೋದು ರಾಜನಿಗೇ.

ನನ್ನ ತಕರಾರು ಇಲ್ಲಿದೆ. ಹೊಸ ಧರ್ಮ ಹುಟ್ಟೋದಕ್ಕೆ, ಬೆಳೆಯೋದಕ್ಕೆ ರಾಜ ಅಷ್ಟು ಮುಖ್ಯ ಅಲ್ಲ. ಅದರಲ್ಲಿ ಯಾವ ಭಾಗ ಸಿಂಹಾಸನದ ಜೊತೆ ಹೊಂದಿಕೊಳ್ಳುತ್ತೆ, ಯಾವ ಭಾಗ ಹೊರಗೆ ಬೀಳುತ್ತೆ ಅನ್ನೋದರಲ್ಲಿ ಮಾತ್ರ ಅವನ ಕೈ ಇರುತ್ತೆ. ಹೊಸ ದೇವರನ್ನ ರಾಜ ಸಹಿಸಿಕೊಳ್ತಾನೆ. ಯಾರು ಯಾರನ್ನ ಮದುವೆ ಆಗಬೇಕು ಅನ್ನೋದಕ್ಕೆ ಕೈ ಹಾಕಿದರೆ ಸಹಿಸಲ್ಲ.

ಮೊದಲು ರೋಮ್. ನಾವು ಎಂಜಿನಿಯರಿಂಗ್ ಮಂದಿ, ಲೆಕ್ಕದಿಂದಲೇ ಶುರು ಮಾಡೋಣ. ರಾಡ್ನಿ ಸ್ಟಾರ್ಕ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1996ರಲ್ಲಿ ‘ದಿ ರೈಸ್ ಆಫ್ ಕ್ರಿಶ್ಚಿಯಾನಿಟಿ’ ಅನ್ನೋ ಪುಸ್ತಕದಲ್ಲಿ ಒಂದು ಸರಳ ಅಂದಾಜು ಹಾಕಿದ. ಕ್ರಿ.ಶ. 40ರಲ್ಲಿ ಸಾವಿರ ಕ್ರೈಸ್ತರು ಇದ್ದರು ಅಂತ ಇಟ್ಕೊಳ್ಳಿ. ಹತ್ತು ವರ್ಷಕ್ಕೆ ಶೇಕಡಾ 40ರಷ್ಟು ಬೆಳೆದರು ಅಂತ ಇಟ್ಕೊಳ್ಳಿ. ವರ್ಷಕ್ಕೆ ಅದು ಶೇಕಡಾ 3.42 ಮಾತ್ರ, ಹೆಚ್ಚುಕಡಿಮೆ ನಮ್ಮ ಸೇವಿಂಗ್ಸ್ ಅಕೌಂಟ್ ಬಡ್ಡಿ ಇದ್ದ ಹಾಗೆ. ಕ್ಯಾಲ್ಕುಲೇಟರ್ ತೆಗೆದು 1.4ರ 26ನೇ ಘಾತ ಒತ್ತಿ. ಕ್ರಿ.ಶ. 300ಕ್ಕೆ ಸುಮಾರು 63 ಲಕ್ಷ ಬರುತ್ತೆ. ರೋಮ್ ಸಾಮ್ರಾಜ್ಯದ ಜನಸಂಖ್ಯೆ 6 ಕೋಟಿ ಅಂತ ಹಿಡಿದರೆ ಹತ್ತರಲ್ಲಿ ಒಬ್ಬ. ಇನ್ನೈದು ದಶಕ ಮುಂದೆ ಹೋದರೆ 3.4 ಕೋಟಿ ಹತ್ತಿರ, ಅಂದರೆ ಅರ್ಧಕ್ಕಿಂತ ಜಾಸ್ತಿ. ಈ ಫಾರ್ಮುಲಾದಲ್ಲಿ ಚಕ್ರವರ್ತಿ ಅನ್ನೋ ವೇರಿಯಬಲ್ಲೇ ಇಲ್ಲ. ಇದು ಅಂದಾಜು, ಜನಗಣತಿ ಅಲ್ಲ. ಆದರೆ ಸ್ಟಾರ್ಕ್ ಹೇಳೋ ಮಾತು ಸರಿ ಅನ್ಸುತ್ತೆ: ಕಾನ್‌ಸ್ಟಂಟೈನ್ ಬಂದಿದ್ದಕ್ಕೆ ಅವರು ಬೆಳೆಯಲಿಲ್ಲ, ಅವರು ಬೆಳೆದಿದ್ದಕ್ಕೆ ಕಾನ್‌ಸ್ಟಂಟೈನ್ ಬಂದ. ಅದಕ್ಕೂ ಮುಂಚೆ ಡಯೊಕ್ಲೀಷಿಯನ್ 303ರಿಂದ ಕ್ರೈಸ್ತರನ್ನ ಹುಡುಕಿ ಹುಡುಕಿ ಹಿಂಸಿಸಿದ, ಆಗಲಿಲ್ಲ. ಆ ಹಿಂಸೆಗೆ ಜೊತೆ ಕೊಟ್ಟಿದ್ದ ಗ್ಯಾಲೇರಿಯಸ್ಸೇ 311ರಲ್ಲಿ, ಸಾಯೋ ಹಾಸಿಗೆಯಲ್ಲಿ, ಇನ್ನು ಸಾಕು ಅಂತ ಆದೇಶ ಹೊರಡಿಸಿದ. ಮಿಲಾನ್‌ಗಿಂತ ಎರಡು ವರ್ಷ ಮೊದಲು.

ಹಾಗಾದರೆ ಕಾನ್‌ಸ್ಟಂಟೈನ್ ಏನೂ ಮಾಡಲಿಲ್ಲವಾ? ಮಾಡಿದ. ರೊಕ್ಕ ಕೊಟ್ಟ, ಜಾಗ ಕೊಟ್ಟ, ದೊಡ್ಡ ದೊಡ್ಡ ಚರ್ಚ್ ಕಟ್ಟಿಸಿದ, ಪಾದ್ರಿಗಳಿಗೆ ಸರ್ಕಾರಿ ಹೊರೆಗಳಿಂದ ವಿನಾಯಿತಿ ಕೊಟ್ಟ. 321ರಲ್ಲಿ ಸೂರ್ಯನ ದಿನಕ್ಕೆ ರಜೆ ಅಂತ ಕಾನೂನು ಮಾಡಿದ. ನಾವು ಹಾಸ್ಟೆಲ್‌ನಲ್ಲಿ ಹನ್ನೊಂದು ಗಂಟೆವರೆಗೆ ಮಲಗೋ ಭಾನುವಾರದ ವಂಶಾವಳಿ ಅಲ್ಲಿಗೆ ಹೋಗುತ್ತೆ. ‘ಭಾನು’ ಅಂದರೂ ಸೂರ್ಯನೇ ತಾನೆ. 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದ. ಬರೋದಕ್ಕೆ ಸರ್ಕಾರಿ ಗಾಡಿ, ಉಳಿಯೋದಕ್ಕೆ ವ್ಯವಸ್ಥೆ. ಇಪ್ಪತ್ತು ವರ್ಷದ ಹಿಂದೆ ಇದೇ ಸರ್ಕಾರದ ಸೈನಿಕರ ಕೈಲಿ ಹೊಡೆತ ತಿಂದಿದ್ದವರು ಈಗ ಸರ್ಕಾರಿ ಅತಿಥಿಗಳು. ಯೇಸು ದೇವರಿಗೆ ಸಮಾನನಾ ಅಲ್ಲವಾ ಅನ್ನೋ ವಾದ ಅಲ್ಲಿ ಇತ್ಯರ್ಥ ಆಯಿತು ಅಂತ ಪುಸ್ತಕ ಹೇಳುತ್ತೆ. ಸೋತ ಅರಿಯಸ್‌ನನ್ನ ಗಡಿಪಾರು ಮಾಡಿದ ಅದೇ ರಾಜ ಆಮೇಲೆ ಅವನನ್ನ ವಾಪಸ್ ಕರೆಸಿದ. ಗೆದ್ದ ಪಕ್ಷದ ಅಥನೇಷಿಯಸ್‌ನನ್ನೂ 335ರಲ್ಲಿ ಗಡಿಪಾರು ಮಾಡಿದ. ಅಂದರೆ ಸಿದ್ಧಾಂತಕ್ಕಿಂತ ಗಲಾಟೆ ಇರಬಾರದು ಅನ್ನೋದೇ ಅವನಿಗೆ ಮುಖ್ಯ. ಸ್ವತಃ ದೀಕ್ಷಾಸ್ನಾನ ತಗೊಂಡಿದ್ದು 337ರಲ್ಲಿ, ಸಾಯೋ ಮುಂಚೆ. ಕ್ರೈಸ್ತ ಧರ್ಮ ಸಾಮ್ರಾಜ್ಯದ ಅಧಿಕೃತ ಧರ್ಮ ಆಗಿದ್ದು ಇವನ ಕಾಲದಲ್ಲಿ ಅಲ್ಲವೇ ಅಲ್ಲ, 380ರಲ್ಲಿ, ಥಿಯೊಡೋಸಿಯಸ್ ಕಾಲದಲ್ಲಿ. ಕ್ವಿಜ್‌ಗೆ ಹೋಗೋರು ಇದನ್ನ ನೆನಪಿಡಿ, ತುಂಬಾ ಟೀಮ್ ಇಲ್ಲಿ ಬೀಳ್ತವೆ.

ಇಷ್ಟೆಲ್ಲ ಕೊಟ್ಟವನು ಒಂದನ್ನ ಮಾತ್ರ ಮುಟ್ಟಲಿಲ್ಲ. ಗುಲಾಮರು ಗುಲಾಮರಾಗೇ ಉಳಿದರು. ಚರ್ಚ್ ಒಳಗೆ ಗುಲಾಮನನ್ನ ಬಿಡುಗಡೆ ಮಾಡಬಹುದು ಅಂತ ಅವಕಾಶ ಕೊಟ್ಟ, ನಿಜ. ಆದರೆ ಒಡೆಯ ಬಯಸಿದರೆ ಮಾತ್ರ. ಪ್ರಾರ್ಥನೆಯಲ್ಲಿ ಒಡೆಯ, ಗುಲಾಮ ಅಕ್ಕಪಕ್ಕ ನಿಲ್ಲಬಹುದು, ಮನೆಗೆ ಬಂದ ಮೇಲೆ ಯಾರ ಜಾಗ ಯಾರಿಗೋ ಅವರಿಗೆ. ಚರ್ಚ್ ಕೂಡ ಬಿಡಲೇಬೇಕು ಅಂತ ಹಟ ಹಿಡಿಯಲಿಲ್ಲ. ಹಾಗಾಗಿ ರಾಜನಿಗೂ ಚರ್ಚಿಗೂ ಜಗಳ ಬರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಕಾನ್‌ಸ್ಟಂಟೈನ್ ಆಗಿ ಎಂಟುನೂರು ಚಿಲ್ಲರೆ ವರ್ಷದ ಮೇಲೆ ನಮ್ಮ ನೆಲದಲ್ಲೂ ಒಬ್ಬ ರಾಜ, ಒಂದು ಹೊಸ ಭಕ್ತಿ ಎದುರುಬದುರು ನಿಂತವು. ಇಂಡಿ ಕಡೆಯ ಗೆಳೆಯರಿಗೆ ಭೀಮಾ ದಂಡೆಯ ತದ್ದೇವಾಡಿ ಗೊತ್ತಿರಬಹುದು. ಇವತ್ತು ಹಳ್ಳಿ. ಹನ್ನೆರಡನೇ ಶತಮಾನದಲ್ಲಿ ಅದರ ಹೆಸರಲ್ಲೇ ಒಂದು ನಾಡು ಇತ್ತು, ‘ತರ್ದವಾಡಿ ಸಾವಿರ’. ಕಲ್ಯಾಣದ ಚಾಲುಕ್ಯರ ಕೆಳಗೆ ಈ ನಾಡನ್ನ ಆಳ್ತಿದ್ದವನು ಮಂಗಳವಾಡದ ಕಲಚುರಿ ಬಿಜ್ಜಳ. ಬಾಗೇವಾಡಿ ಬರೋದೂ ಇದೇ ನಾಡಿನೊಳಗೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಇದೆ. ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಅಂತ ಅದು ಗುರುತಿಸುತ್ತೆ. ಅಂದರೆ ಕಲ್ಯಾಣದಲ್ಲಿ ಭೇಟಿ ಆಗೋದಕ್ಕೂ ಮುಂಚೆನೇ ರಾಜನೂ ಭಂಡಾರಿಯೂ ಒಂದೇ ಸೀಮೆಯವರು. ಇಂಡಿಯಿಂದ ಬಸವನ ಬಾಗೇವಾಡಿಗೆ ಬಸ್ ಹತ್ತಿದರೆ ಆ ನಾಡಿನ ದೊಡ್ಡ ಭಾಗ ದಾಟಿರ್ತೀರಿ.

ಬಿಜ್ಜಳನಿಗೂ ಕಾನ್‌ಸ್ಟಂಟೈನ್‌ಗೂ ಒಂದು ಹೋಲಿಕೆ ಇದೆ. ಇಬ್ಬರೂ ಇನ್ನೊಬ್ಬರ ಕುರ್ಚಿ ಕಸಿದು ಕೂತವರು. ಕಾನ್‌ಸ್ಟಂಟೈನ್ ಮ್ಯಾಕ್ಸೆಂಟಿಯಸ್‌ನನ್ನ, ಆಮೇಲೆ ಲಿಸಿನಿಯಸ್‌ನನ್ನ ಮುಗಿಸಿದ. ಬಿಜ್ಜಳ 1157ರ ಹೊತ್ತಿಗೆ ಮೂರನೇ ತೈಲಪನ ಕೈಯಿಂದ ಕಲ್ಯಾಣ ಕಿತ್ಕೊಂಡ. ಹೀಗೆ ಬಂದವನಿಗೆ ಹಳೇ ಮನೆತನಗಳ ಮೇಲೆ ನಂಬಿಕೆ ಇರಲ್ಲ, ಹೊಸ ಮಂದಿ ಬೇಕಾಗ್ತಾರೆ. ಲೆಕ್ಕ ಬಲ್ಲ, ಕೈ ಶುದ್ಧ ಇರೋ ಒಬ್ಬ ಭಂಡಾರಿ ಸಿಕ್ಕರೆ ಅವನ ದೇವರು ಯಾರು ಅಂತ ಕೇಳ್ತಾ ಕೂರಲ್ಲ.

ಬಿಜ್ಜಳ ಕೊಟ್ಟಿದ್ದು ಅಷ್ಟೇ: ಕೆಲಸ, ಮತ್ತೆ ಸುಮಾರು ಹತ್ತು ವರ್ಷ ಸುಮ್ಮನಿರೋದು. ನೈಸಿಯಾದ ತರಹ ಸಭೆ ಕರೀಲಿಲ್ಲ, ಗಾಡಿ ಕಳಿಸಲಿಲ್ಲ. ಅವನ ಕಾಲದ ಶಾಸನಗಳಲ್ಲಿ ಯುದ್ಧ ಇದೆ, ದಾನ ಇದೆ, ಬಿರುದು ಇದೆ, ನಮ್ಮ ಬಸವಣ್ಣನ ಹೆಸರು ಸ್ಪಷ್ಟವಾಗಿ ಸಿಗಲ್ಲ. ಮೇಲೆ ಹೇಳಿದ ಅರ್ಜುನವಾಡದ ಕಲ್ಲು ಕೂಡ ಸುಮಾರು ನೂರು ವರ್ಷ ಆಮೇಲಿನದು. ಕಾನ್‌ಸ್ಟಂಟೈನ್‌ಗೆ ಯುಸೀಬಿಯಸ್ ಅನ್ನೋ ಬಿಷಪ್ ಜೀವನಚರಿತ್ರೆಯನ್ನೇ ಬರೆದುಕೊಟ್ಟ, ಬಸವಣ್ಣನಿಗೆ ಆಸ್ಥಾನದ ಕಡೆಯಿಂದ ಒಂದು ಸಾಲೂ ಇಲ್ಲ. ಅವನ ಬಗ್ಗೆ ಬರೆದವರು ಭಕ್ತಕವಿಗಳು: ಹರಿಹರ, ಪಾಲ್ಕುರಿಕೆ ಸೋಮನಾಥ, ಭೀಮಕವಿ.

ಖರ್ಚೂ ರಾಜನದಲ್ಲ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಬಸವಣ್ಣನ ಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯೋದೇ ಮಾರಯ್ಯನ ಕಾಯಕ. ಒಂದಿನ ಜಾಸ್ತಿ ಆಯ್ದು ತಂದ. ಲಕ್ಕಮ್ಮ ಒಳಗೆ ತಗೊಳ್ಳಲಿಲ್ಲ, ಇದು ನಮಗೆ ಬೇಕಾದಷ್ಟಕ್ಕಿಂತ ಹೆಚ್ಚು, ಅಲ್ಲೇ ಸುರಿದು ಬಾ ಅಂದಳು. ವಿನಾಯಿತಿ, ಜಮೀನು, ಕಟ್ಟಡ ತಗೊಂಡ ಬಿಷಪ್‌ಗಳ ಪಕ್ಕ ಈ ಹೆಣ್ಣುಮಗಳನ್ನ ನಿಲ್ಲಿಸಿ ನೋಡಿ. ರಾಜ ಕೈ ಬಿಟ್ಟರೆ ಒಂದು ಗುಂಪು ಉಳಿಯುತ್ತಾ ಅನ್ನೋ ಪ್ರಶ್ನೆಗೆ ಉತ್ತರ ಆ ಅಕ್ಕಿಯಲ್ಲಿದೆ ಅಂತ ನನಗನ್ಸುತ್ತೆ.

ಇಲ್ಲಿವರೆಗೆ ಬಿಜ್ಜಳ ಸುಮ್ಮನಿದ್ದ. ಲಿಂಗ ಕಟ್ಕೊಂಡರೂ ಸುಮ್ಮನಿದ್ದ. ಮಡಿವಾಳ, ಅಂಬಿಗ, ಮಾದಾರ ಒಟ್ಟಿಗೆ ಕೂತು ದೇವರ ಬಗ್ಗೆ ಮಾತಾಡಿದರೂ ಸುಮ್ಮನಿದ್ದ. ದೂರು ಬಂದರೂ ತಳ್ಳಿ ಹಾಕಿದ ಅಂತ ಕಥೆಗಳಿವೆ. ಆಮೇಲೆ ಮದುವೆ ಬಂತು. ಪರಂಪರೆ ಹೇಳೋದು ಹೀಗೆ: ಚಮ್ಮಾರ ಹರಳಯ್ಯನ ಮಗ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳು. ಅಪ್ಪಂದಿರಿಬ್ಬರ ಲೆಕ್ಕದಲ್ಲಿ ಇದು ಶರಣರ ಮಗನಿಗೂ ಶರಣರ ಮಗಳಿಗೂ ಆದ ಸಂಬಂಧ, ಜಾತಿಯ ಪ್ರಶ್ನೆಯೇ ಬರಲ್ಲ. ಊರಿನ ಲೆಕ್ಕ ಬೇರೆ. ರಾಜ ಊರಿನ ಲೆಕ್ಕ ಹಿಡಿದ. ಹರಳಯ್ಯ, ಮಧುವರಸರಿಗೆ ಎಳೆಹೂಟೆ ಶಿಕ್ಷೆ, ಆನೆ ಕಾಲಿಗೆ ಕಟ್ಟಿ ಊರ ತುಂಬಾ ಎಳೆಸೋದು. ಗಿರೀಶ್ ಕಾರ್ನಾಡರು 1990ರಲ್ಲಿ ಬರೆದ ‘ತಲೆದಂಡ’ ಇದೇ ಮದುವೆ ಸುತ್ತ ಇರೋದು. 1167ರ ಸುಮಾರಿಗೆ ಬಿಜ್ಜಳನ ಕೊಲೆ ಆಯಿತು. ಯಾರು ಮಾಡಿದರು, ಯಾಕೆ ಅನ್ನೋದರಲ್ಲಿ ವೀರಶೈವ ಪುರಾಣಗಳದ್ದು ಒಂದು ಮಾತು, ಜೈನ ಕಾವ್ಯದ್ದು ಇನ್ನೊಂದು. ಮಗ ಸೋವಿದೇವ ಬಂದ. ಇಪ್ಪತ್ತು ವರ್ಷ ತುಂಬೋದರೊಳಗೆ ಕಲಚುರಿಗಳ ಕಲ್ಯಾಣವೇ ಮುಗೀತು.

ಬಿಜ್ಜಳನನ್ನ ವಿಲನ್ ಮಾಡೋದು ಸುಲಭ, ಆದರೆ ಅದರಿಂದ ಏನೂ ತಿಳಿಯಲ್ಲ. ಯೋಚನೆ ಮಾಡಿ, ಅವನು ಮತಾಂಧ ಆಗಿದ್ದಿದ್ದರೆ ಮೊದಲ ವರ್ಷವೇ ಹೊಡೀತಿದ್ದ. ಹತ್ತು ವರ್ಷ ತಡೆದ ಮನುಷ್ಯ ಒಂದು ಮದುವೆಗೆ ಯಾಕೆ ಹೀಗಾದ? ಯಾಕಂದರೆ ರಾಜ್ಯ ನಿಂತಿದ್ದೇ ಅದರ ಮೇಲೆ. ಯಾರ ಜಮೀನು ಯಾರಿಗೆ, ಯಾರ ಹುದ್ದೆ ಯಾರ ಮಗನಿಗೆ, ಯಾರು ಯಾರ ಮನೆಯಲ್ಲಿ ಉಣ್ಣಬಹುದು, ಎಲ್ಲಾ ಮದುವೆಯಿಂದ ತೀರ್ಮಾನ ಆಗೋ ಸಂಗತಿ. ದೇವರು ಬದಲಾದರೆ ಇದರಲ್ಲಿ ಒಂದೂ ಅಲುಗಲ್ಲ. ಸೊಸೆ ಬದಲಾದರೆ ಎಲ್ಲಾ ಅಲುಗುತ್ತೆ. ಕಾನ್‌ಸ್ಟಂಟೈನ್ ಅದೃಷ್ಟವಂತ, ಅವನ ಬಿಷಪ್‌ಗಳು ಈ ಪರೀಕ್ಷೆಗೆ ಅವನನ್ನ ಕೂರಿಸಲೇ ಇಲ್ಲ.

ರಾಜಾಶ್ರಯ ಇಲ್ಲದೇ ಉಳಿಯಿತು ಅನ್ನೋದಕ್ಕೆ ಸಾಕ್ಷಿ ನಮ್ಮ ತಾಲ್ಲೂಕುಗಳಲ್ಲೇ ಇದೆ. ಹಿಂದೆ ಸಿಂದಗಿ ತಾಲ್ಲೂಕಿನಲ್ಲಿದ್ದ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯ, ಬಟ್ಟೆ ಒಗೆಯೋ ಕಾಯಕದವನು, ವಚನದ ಕಟ್ಟು ಹೊತ್ತು ಉಳವಿ ಕಡೆ ಹೊರಟ ಶರಣರಿಗೆ ಕಾವಲಾಗಿ ಸೈನ್ಯದ ಜೊತೆ ಹೋರಾಡಿದ ಅಂತ ಪರಂಪರೆ ಹೇಳುತ್ತೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ಕೃಷ್ಣೆಯ ದಂಡೆ, ಬಸವಣ್ಣನ ಹೆಂಡತಿ ನೀಲಾಂಬಿಕೆ ಐಕ್ಯಳಾದ ಜಾಗ. ಕೂಡಲಸಂಗಮ ಹೊಳೆಯ ಆಚೆ ಕಡೆ. ಅಲ್ಲಿಗೆ ಯಾವ ರಾಜನೂ ಬಂದಿರಲಿಲ್ಲ, ಮಂದಿ ನೆನಪಿಟ್ಕೊಂಡರು.

ರಾಜ ಬಂದಿದ್ದು ಇನ್ನೂರೈವತ್ತು ವರ್ಷದ ಮೇಲೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಹದಿನೈದನೇ ಶತಮಾನದಲ್ಲಿ, ವೀರಶೈವಕ್ಕೆ ದೊಡ್ಡ ಆಸರೆ ಸಿಕ್ಕಿತು. ದಂಡನಾಯಕ ಲಕ್ಕಣ್ಣನೇ ‘ಶಿವತತ್ತ್ವ ಚಿಂತಾಮಣಿ’ ಬರೆದ, ಚಾಮರಸ ‘ಪ್ರಭುಲಿಂಗಲೀಲೆ’ ಬರೆದ, ವಚನಗಳನ್ನ ಜೋಡಿಸಿ ‘ಶೂನ್ಯಸಂಪಾದನೆ’ ಮಾಡೋ ಕೆಲಸ ಆ ಶತಮಾನದಲ್ಲೇ ಶುರುವಾಯಿತು. ನಮ್ಮ ನೈಸಿಯಾ ಅಂತ ಕರೆಯೋದಿದ್ದರೆ ನಾನು ಇದನ್ನ ಕರೀತೀನಿ. ಅದಕ್ಕೆ ನಾವು ಋಣಿಗಳೇ, ಇಲ್ಲದಿದ್ದರೆ ಎಷ್ಟೋ ವಚನ ಕಳೆದುಹೋಗ್ತಿದ್ದವು. ಆದರೆ ಶೂನ್ಯಸಂಪಾದನೆಯ ನಡುವೆ ಇರೋದು ಅಲ್ಲಮ, ಅನುಭಾವ, ಚರ್ಚೆ. ಹರಳಯ್ಯನ ಮನೆ ಮದುವೆ ಅದರ ನಡುವೆ ಇಲ್ಲ. ವಚನ ಅರಮನೆ ಹತ್ತಿರ ಬಂತು, ಮದುವೆ ಬಾಗಿಲ ಹೊರಗೇ ಉಳೀತು.

ಮೂರನೇ ಸಲ ವಚನ ಎದ್ದಿದ್ದು ವಿಜಯಪುರದಲ್ಲಿ, ಒಬ್ಬ ವಕೀಲರ ಮನೆಯಲ್ಲಿ. ಫ.ಗು. ಹಳಕಟ್ಟಿ ತಾಳೆಗರಿ ಹುಡುಕ್ತಾ ಊರೂರು ತಿರುಗಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ. ಆಗ ಇದ್ದ ಸರ್ಕಾರ ಬ್ರಿಟಿಷರದು. ಅವರಿಂದ ಅಪ್ಪಣೆನೂ ಇಲ್ಲ, ಆಶ್ರಯನೂ ಇಲ್ಲ. ಇವತ್ತು ಅವರ ಹೆಸರಲ್ಲಿ ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇದೆ. ಅಲ್ಲಿ ಓದೋ ಎಷ್ಟು ಜನರಿಗೆ ಆ ಮನೆ ಮಾರಿದ ಸಂಗತಿ ಗೊತ್ತೋ ಏನೋ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನ ರಾಜ್ಯದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಸರ್ಕಾರಿ ಕಚೇರಿಗಳಲ್ಲಿ ಫೋಟೋ ಬಂತು. ನನಗೆ ಖುಷಿ ಆಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಾನ್‌ಸ್ಟಂಟೈನ್ ಕಥೆ ಓದಿದ ಮೇಲೆ ಫೋಟೋ ನೋಡಿದಾಗೆಲ್ಲ ಒಂದು ಪ್ರಶ್ನೆ ಬರುತ್ತೆ, ಯಾವ ಭಾಗ ಒಳಗೆ ಬಂತು, ಯಾವುದು ಹೊರಗೆ ನಿಂತಿದೆ?

ತಮಾಷೆ ಏನಂದರೆ ಈ ಸಲ ಅಡ್ಡ ನಿಂತಿರೋದು ರಾಜ ಅಲ್ಲ. ಕಾನೂನು ಮದುವೆ ಪರವಾಗಿದೆ. 1954ರಿಂದ ವಿಶೇಷ ವಿವಾಹ ಕಾಯ್ದೆ ಇದೆ, ಮೂವತ್ತು ದಿನದ ನೋಟಿಸ್ ಅನ್ನೋ ಕಿರಿಕಿರಿ ಬಿಟ್ಟರೆ ಯಾರು ಯಾರನ್ನ ಬೇಕಾದರೂ ಮದುವೆ ಆಗಬಹುದು. ಪರಿಶಿಷ್ಟ ಜಾತಿಯವರ ಜೊತೆ ಅಂತರ್ಜಾತಿ ಮದುವೆ ಆದರೆ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತೆ. ಅಂದರೆ ಅವತ್ತಿನ ಬಿಜ್ಜಳ ಆನೆ ಕಳಿಸಿದ್ದ ಜಾಗಕ್ಕೆ ಇವತ್ತಿನ ಬಿಜ್ಜಳ ಚೆಕ್ ಕಳಿಸ್ತಾನೆ. ಆದರೂ 2011-12ರ ರಾಷ್ಟ್ರಮಟ್ಟದ ಮಾನವ ಅಭಿವೃದ್ಧಿ ಸಮೀಕ್ಷೆ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆ ನೂರಕ್ಕೆ ಐದರ ಆಸುಪಾಸು. ನಮ್ಮ ಜಿಲ್ಲೆಯಿಂದಲೇ ಮರ್ಯಾದೆ ಹತ್ಯೆಯ ಸುದ್ದಿ ಪೇಪರಲ್ಲಿ ಬಂದಿದೆ. ಎಳೆಹೂಟೆಗೆ ಈಗ ರಾಜನ ಆಜ್ಞೆ ಬೇಕಾಗಿಲ್ಲ, ಮನೆಯವರೇ ಸಾಕು. ಜಾತಿ ಅಷ್ಟೇ ಅಲ್ಲ, ಬಸವಣ್ಣನ ಫೋಟೋ ದೇವರ ಜಗಲಿ ಮೇಲಿರೋ ಮನೆಗಳಲ್ಲೇ ಸಂಬಂಧ ಕೇಳುವಾಗ ಮೊದಲು ಬರೋದು ಪಂಗಡದ ಪ್ರಶ್ನೆ. ಮ್ಯಾಟ್ರಿಮನಿ ಆ್ಯಪ್ ತೆರೆದು ನೋಡಿ, ನಮ್ಮ ಒಳಪಂಗಡಗಳ ಪಟ್ಟಿ ಸೆಮಿಸ್ಟರ್ ಸಿಲಬಸ್‌ಗಿಂತ ಉದ್ದ ಇದೆ.

‘ನಿನಗೇನು ಗೊತ್ತು, ಹತ್ತೊಂಬತ್ತು ವಯಸ್ಸು, ಮದುವೆ ವಿಷಯ ಮಾತಾಡ್ತೀಯಾ’ ಅಂತ ಹಿರಿಯರು ಕೇಳ್ತಾರೆ. ಕೇಳಲಿ. ಇನ್ನು ಐದಾರು ವರ್ಷಕ್ಕೆ ಈ ಪ್ರಶ್ನೆ ನಮ್ಮೆಲ್ಲರ ಮನೆಗೆ ಬರುತ್ತೆ, ಆವಾಗ ಯೋಚನೆ ಮಾಡಿದರೆ ತಡ ಆಗಿರುತ್ತೆ. ಕ್ಯಾಂಪಸ್‌ನಲ್ಲಿ ಜೋಡಿಯಾಗಿ ಓಡಾಡಿ, ಕೊನೇ ಸೆಮ್‌ನಲ್ಲಿ ‘ಮನೇಲಿ ಒಪ್ಪಲ್ಲ’ ಅಂತ ಬಿಟ್ಟುಹೋದ ಸೀನಿಯರ್‌ಗಳ ಕಥೆ ನಿಮ್ಮ ಹಾಸ್ಟೆಲ್‌ನಲ್ಲೂ ಇರುತ್ತೆ.

ನಮ್ಮ ಸಂಘಕ್ಕೆ ಒಂದು ವಿನಂತಿ. ಪ್ರತಿ ಬಸವ ಜಯಂತಿಗೆ ನಾವು ಫೋಟೋಗೆ ಹಾರ ಹಾಕ್ತೀವಿ, ವಚನ ಕಂಠಪಾಠ ಸ್ಪರ್ಧೆ ಇಡ್ತೀವಿ, ಮೊದಲ ಬಹುಮಾನಕ್ಕೆ ಒಂದು ಸ್ಟೀಲ್ ಬಾಟಲ್. ಈ ಸಲ ಅದರ ಜೊತೆ ಇನ್ನೊಂದು ಗಂಟೆ ಸೇರಿಸೋಣ. ‘ತಲೆದಂಡ’ದ ಮದುವೆ ಭಾಗವನ್ನ ಡ್ರಾಮಾ ಟೀಮ್ ಕೂತ್ಕೊಂಡೇ ಓದಲಿ, ಸೆಟ್ ಬೇಡ, ವೇಷ ಬೇಡ. ಆಮೇಲೆ ಉಪನೋಂದಣಿ ಕಚೇರಿ ಕೆಲಸ ಗೊತ್ತಿರೋ ಒಬ್ಬ ವಕೀಲರನ್ನ ಕರೆಸಿ ವಿಶೇಷ ವಿವಾಹ ಕಾಯ್ದೆಗೆ ಏನೇನು ದಾಖಲೆ ಬೇಕು, ನೋಟಿಸ್ ಎಲ್ಲಿ ಹಚ್ತಾರೆ, ಬೆದರಿಕೆ ಬಂದರೆ ಯಾರ ಹತ್ತಿರ ಹೋಗಬೇಕು ಅಂತ ಕೇಳೋಣ. ಸೆಮಿನಾರ್ ಹಾಲ್ ಸಿಗದಿದ್ದರೆ ಕ್ಯಾಂಟೀನ್ ಹಿಂದಿನ ಬೇವಿನ ಮರದ ಕಟ್ಟೆ ಆದರೂ ಆದೀತು. ಹೆಸರು ಕೊಡೋರು ಕ್ಲಬ್ ಗ್ರೂಪ್‌ನಲ್ಲಿ ಮೆಸೇಜ್ ಹಾಕಿ, ಓದೋದಕ್ಕೆ ಮಧುವರಸನ ಪಾತ್ರಕ್ಕೆ ಒಬ್ಬರು ಇನ್ನೂ ಬೇಕು.